ಹದ್ದುಬಸ್ತು

ಆರು ಉಪಗ್ರಹ ಸಿಕ್ಕವು. ಏಳನೆಯದು ಬಂತು, ಹೋಯಿತು.
ಕೋಕೋ ಎಲೆ ಅಷ್ಟು ದಟ್ಟ.
ಫೋನನ್ನು ತಲೆಗಿಂತ ಮೇಲೆ ಹಿಡಿದು ನಿಂತ ನನ್ನ ನೋಡಿ
ಅಕುಬಾ ಕೇಳಿದಳು:
"ಯಾರಿಗೆ ತೋರಿಸ್ತಿದ್ದೀ ಅದನ್ನ?"

ಹಡಗಿಗೆ, ಅಂದೆ.
ಹಡಗಿನಾಚೆಯ ಗೋದಾಮಿಗೆ, ಅದರಾಚೆಯ ಅಂಗಡಿಗೆ.
ಚೀಲದೊಳಗಿನ ಬೀಜ ಯಾವ ತೋಟದ್ದು,
ಕಾಡು ಕಡಿದ ನೆಲದ್ದೋ ಅಲ್ಲವೋ
ಗೊತ್ತಾಗಬೇಕಂತೆ ಅವರಿಗೆ.
ಗೊತ್ತಾಗದಿದ್ದರೆ ಕೊಳ್ಳುವುದಿಲ್ಲವಂತೆ.

"ನಮ್ಮಪ್ಪನ ಕಾಲದಿಂದ ಉಂಡರಲ್ಲ,
ಕೈ ತೊಳೆದ ಮೇಲೆ ಕೇಳ್ತಾರಾ
ಯಾರ ಮನೆ ಊಟ ಅಂತ?"
ಮಚ್ಚು ಬೀಸಿ ದಾರಿ ಮಾಡಿದಳು.
ನಾನು ಹಿಂದೆ, ಹೆಜ್ಜೆಗೊಂದು ಚುಕ್ಕಿ.

ನಾನು ಕೇಟಾದ ಕಡಲ ಕಡೆಯವನು, ಬೆಸ್ತರ ಮಗ.
ಬಲೆಯ ಕಣ್ಣು ಎಣಿಸಬಲ್ಲೆ, ಬದು ಗುರುತಿಸಲಾರೆ.
ಸೆಫ್ವಿಯ ಈ ಗುಡ್ಡದಲ್ಲಿ ಬೇಲಿಯೂ ಇಲ್ಲ, ಕಲ್ಲೂ ಇಲ್ಲ.
ಮೂಲೆಮೂಲೆಗೆ ಎನ್ಟೋಮೆ ಗಿಡ ನೆಟ್ಟಿರುತ್ತಾರೆ.
ಅದು ಸಾಯುವುದಿಲ್ಲ. ಸುಟ್ಟರೂ ಮತ್ತೆ ಚಿಗುರುತ್ತದೆ.
ಸಾಕ್ಷಿಗೆ ಅಂಥದ್ದೇ ಬೇಕು, ಅಂದಳು.

ಹುತ್ತವೊಂದು ಅಡ್ಡ ಬಂತು, ಸುತ್ತಿ ಹೋದೆವು.
ನಕಾಶೆಯ ಹೊಟ್ಟೆ ಅಲ್ಲಿ ಸ್ವಲ್ಪ ಉಬ್ಬಿತು.
ಬಾಳೆಯ ಹಿಂಡಲಿನ ಹತ್ತಿರ
ಗಂಡ ಮೀಜಾನ ಮಣ್ಣಿತ್ತು. ನಿಂತಳು. ನಾನೂ ನಿಂತೆ.
ಒಂದೇ ಜಾಗದಲ್ಲಿ ಒಂಬತ್ತು ಚುಕ್ಕಿ ಬಿದ್ದವು.

ಹನ್ನೆರಡನೆಯ ಮೂಲೆ ಮುಗಿಸಿ, ಗೆರೆ ಕೂಡಿಸಿ,
ಒತ್ತಿದೆ.
ಪರದೆ ಕೆಂಪಾಯಿತು.

ಪಕ್ಕದ ತೋಟ ಮೈದುನ ಬ್ಲೇಯದು.
ಹೋದ ವಾರ ನಾನೇ ಅಳೆದದ್ದು.
ಅವನು ತೋರಿಸಿದಲ್ಲೆಲ್ಲ ನಡೆದಿದ್ದೆ, ಮಾತಿಲ್ಲದೆ.
ಎರಡು ಆಕಾರ ಒಂದರ ಮೇಲೊಂದು ಕೂತು
ನಡುವೆ ಕೆಂಪು ನಾಲಿಗೆಯಂಥ ಪಟ್ಟಿ.
ಹನ್ನೊಂದು ಮರ.
ಪಟ್ಟಿ ಬಗೆಹರಿಯುವ ತನಕ
ಇಬ್ಬರ ಚೀಲವೂ ತಕ್ಕಡಿ ಹತ್ತುವುದಿಲ್ಲ.

ಬ್ಲೇ ಬಂದ, ಸಂಘದ ಹಿರಿಯರಿಬ್ಬರು ಬಂದರು.
"ಯಂತ್ರ ಸುಳ್ಳು ಹೇಳುತ್ತೇನು?" ಬ್ಲೇ ಕೇಳಿದ.
ಇಲ್ಲ, ಅಂದೆ. ನಡೆದದ್ದನ್ನು ಹೇಳುತ್ತದೆ.
ನಡೆಸಿದವರು ಯಾರು ಅಂತ ಕೇಳುವುದಿಲ್ಲ.

ಅಕುಬಾ ವಾದ ಮಾಡಲಿಲ್ಲ.
ಅವನ ಮೂಲೆಯ ಎನ್ಟೋಮೆಯ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು
ಮಚ್ಚಿನ ತುದಿಯಿಂದ ಕೆದಕಿ ಎಳೆದಳು.
ಬಂದುಬಿಟ್ಟಿತು, ಗೇಣುದ್ದದ ಬೇರು,
ಮೊನ್ನೆಮೊನ್ನೆ ನೆಟ್ಟದ್ದು.
ಆಮೇಲೆ ತನ್ನದನ್ನು ತೋರಿಸಿ, ಎಳೆಯಿರಿ, ಅಂದಳು.
ಹಿರಿಯರು ಎಳೆದರು. ನಾನೂ ಕೈ ಹಾಕಿದೆ.
ಗಿಡ ಅಲುಗಲಿಲ್ಲ, ನಮ್ಮ ಚಪ್ಪಲಿ ಜಾರಿದವು.

ಬ್ಲೇ ಆ ಗೇಣುದ್ದದ ಬೇರನ್ನು
ತುಂಬ ಹೊತ್ತು ಕೈಯಲ್ಲೇ ಹಿಡಿದಿದ್ದ.
ಎಲ್ಲಿಡಬೇಕೆಂದು ತಿಳಿಯದವನ ಹಾಗೆ.
"ಮಳೆ ಬರೋ ಮೊದಲು ಮತ್ತೆ ಅಳಿ," ಅಂದ, ನನ್ನ ಮುಖ ನೋಡದೆ.

ಈಗ ಚೀಲ ಚೀಲಕ್ಕೂ ಚೀಟಿ,
ಚೀಟಿಯ ಮೇಲೆ ಕಪ್ಪು ಬಿಳಿ ಚೌಕದ ಗೋಜಲು.
ಲಾರಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು,
ತಕೋರಾಡಿ ಬಂದರಿನಲ್ಲಿ ಯಾವ ಸಾಲು,
ಎಲ್ಲ ಕಾಣುತ್ತದೆ ನನ್ನ ಅಂಗೈಯಲ್ಲಿ.
ಎಲ್ಲೋ ಒಂದು ಚಳಿಯ ಗೋದಾಮಿನಲ್ಲಿ
ಯಾರೋ ಕೈಗವಸು ಬಿಚ್ಚಿ, ಚೀಟಿಗೆ ಬೆಳಕು ಬಿಟ್ಟರೆ
ಹನ್ನೆರಡು ಮೂಲೆಯ ಆಕಾರ ಮೂಡುತ್ತದೆ.
ಉಬ್ಬಿದ ಕಡೆ ಹುತ್ತವಿದೆಯೆಂದು
ಒಂಬತ್ತು ಚುಕ್ಕಿಯ ಕಡೆ ಯಾರಿದ್ದಾರೆಂದು
ಅಲ್ಲಿ ಬರೆದಿಲ್ಲ. ಅದಕ್ಕೆ ಕಾಲಮ್ಮಿಲ್ಲ.

"ನನ್ನ ಹೆಸರು ಹೋಗುತ್ತಾ ಹಡಗಲ್ಲಿ?"
ಹೆಸರು ಇಲ್ಲೇ ಇರುತ್ತೆ, ಸಂಖ್ಯೆ ಹೋಗುತ್ತೆ.
"ಹೇಳು ಹಾಗಾದರೆ."
ನಾಲ್ಕು ಸೊನ್ನೆ ಏಳು, ಒಂದು ಒಂದು ಒಂಬತ್ತು.
ಮೂರು ಸಲ ಹೇಳಿಸಿಕೊಂಡಳು, ಮೆಲುಕು ಹಾಕುವ ಹಾಗೆ.
ಕಾಗದದ ಮೇಲೆ ಈ ನೆಲದ ಜೊತೆ
ಅವಳ ಗುರುತು ಕೂತದ್ದು ಇದೇ ಮೊದಲು.
ಅದುವರೆಗೂ ಎಲ್ಲ ಮೀಜಾನ ಹೆಸರಲ್ಲೇ ಇತ್ತು,
ಮೀಜಾ ಹೋದ ಮೇಲೂ.

ಮತ್ತೆ ಹೋದಾಗ ಬಾಗಿಲ ಮೇಲೆ
ಇದ್ದಿಲಲ್ಲಿ ಬರೆಸಿದ್ದಳು, ಮೊಮ್ಮಗಳ ಕೈಯಲ್ಲಿ.
ಕೊನೆಯ ಒಂಬತ್ತು ತಲೆಕೆಳಗಾಗಿ ಆರಾಗಿತ್ತು.
ಆ ಸಂಖ್ಯೆಗೆ ಬೇರೆ ಯಾರದೋ ತೋಟ, ಬೇರೆ ಯಾರದೋ ಹುತ್ತ.

ತಿದ್ದಬೇಕು, ಇದ್ದಿಲು ಕೊಡಿ, ಅಂದೆ.
"ಮೊದಲು ನೀರು ಕುಡಿ," ಅಂದಳು.