ತಜಾ ಕೂಗಿತೇ?

ಇಕೊರಾಸಿಯ ಕುಂಬಾರರು ಓರೆಯೆಂದು ಬದಿಗೆಸೆದ
ಕುಂಡವೇ ಆಗಬೇಕು ಒಡಿಲೇಯಾ ದೊಡ್ಡಮ್ಮನ ತಜಾ ಗಿಡಕ್ಕೆ.
ನೆಟ್ಟಗಿನ ಕುಂಡದಲ್ಲಿ ಸೊಕ್ಕು ಬರುತ್ತದಂತೆ.
ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು,
ತೂತಿನ ಮೇಲೊಂದು ಹೆಂಚಿನ ಚೂರು,
ಹೊಳೆಮರಳು ಎರಡು ಬೊಗಸೆ,
ಅಸಾಯಿ ಅಂಗಡಿಯ ಹಿಂದೆ ಕೊಳೆತ ಬೀಜದ
ಕಪ್ಪು ಗೊಬ್ಬರ ಮೂರು.
ಲೆಕ್ಕ ತಪ್ಪಿದರೆ ಬೈಗುಳಕ್ಕೆ ಲೆಕ್ಕವಿಲ್ಲ.

ಎಲೆಯೆಂದರೆ ಎಲೆ:
ಹಸಿರು ಅಂಚು, ನಡುವೆ ಹಸಿಗಾಯದ ಕೆಂಪು,
ಮೇಲೆ ಯಾರೋ ಸುಣ್ಣದ ಬೆರಳು ಕೊಡವಿದ ಹಾಗೆ ಚುಕ್ಕೆ.
ಎಳೆಬಿಸಿಲಿಗೆ ಹಿಡಿದರೆ ನರನರವೂ ಕಾಣುತ್ತದೆ,
ನಿದ್ದೆಹೋದ ಮಗುವಿನ ಕಿವಿಯಂತೆ.
ನಡುಹಗಲಿನ ಬಿಸಿಲಿಗಿಟ್ಟರೆ ಒಂದೇ ಗಂಟೆಗೆ ಸುಟ್ಟ ಹಪ್ಪಳ.

ಹೂ ಬಿಟ್ಟರೆ ಚಿವುಟು, ಅನ್ನುತ್ತಾಳೆ,
ಕಾವಲಿನವನಿಗೆ ಮದುವೆಯ ಚಿಂತೆ ಹತ್ತಿದರೆ
ಬಾಗಿಲು ಕಾಯುವವರು ಯಾರು?
ಚಿವುಟಿದ ಬೆರಳು ಬಾಯಿಗಿಟ್ಟೀಯೆ, ಜೋಕೆ,
ನಾಲಗೆ ಮೂರು ದಿನ ನಿನ್ನದಲ್ಲ.

ಶುಕ್ರವಾರ ಮಾಂಸ ತೊಳೆದ ನೀರು.
ಮಿಕ್ಕ ದಿನ ಬರಿನೀರು, ಅದೂ ಮಣ್ಣು ಕೇಳಿದರೆ.
ಮಾಂಸಕ್ಕೆ ದುಡ್ಡಿಲ್ಲದ ಶುಕ್ರವಾರ ಮೀನು ತೊಳೆದ ನೀರು.
ಅದಕ್ಕೂ ಇಲ್ಲದ ದಿನ ಅವಳು
ಖಾಲಿ ಪಾತ್ರೆ ಗಲಬರಿಸಿ ಸುರಿದು
ಗಿಡದ ಕ್ಷಮೆ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಯಾಕೆಂದರೆ ಇದು ಕೂಗುವ ತಜಾ.
ಹೊರಗಿನವರು ರಾತ್ರಿ ಗೇಟು ಮುಟ್ಟಿದರೆ
ಸಿಳ್ಳೆ ಹಾಕುತ್ತದೆ, ಹಕ್ಕಿಮರಿಯಂತೆ, ಒಂದೇ ಸಲ.
ಅವಳ ಅತ್ತೆ ಮರಾಜೋ ದ್ವೀಪದಿಂದ ದೋಣಿಯಲ್ಲಿ
ಲಂಗದ ಜೇಬಿಗೆ ಹೊಲಿದುಕೊಂಡು ತಂದ ಗೆಡ್ಡೆ.
ಎಪ್ಪತ್ತೊಂದರಲ್ಲಿ ಕೋಳಿ ಕದಿಯಲು ಬಂದವನನ್ನು ಹಿಡಿದುಕೊಟ್ಟಿತು.
ತೊಂಬತ್ತರಲ್ಲಿ, ದೊಡ್ಡಪ್ಪ ಬೇರೊಬ್ಬಳ ಮನೆಯಿಂದ
ತಡವಾಗಿ ಬಂದ ರಾತ್ರಿ,
ಅವನಿಗೂ ಕೂಗಿತು.
ಆಮೇಲೆ ಅವನು ಬರಲಿಲ್ಲ.

ನಾನು ಬಸ್ ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಕೂರುವವಳು,
ಹೊರಗಿನವರೇ ನನ್ನ ಕಸುಬು.
ಹುಟ್ಟಿದಾಗಿನಿಂದ ಈ ಗಿಡದಿಂದ
ಒಂದು ನಿಟ್ಟುಸಿರನ್ನೂ ಕೇಳಿದವಳಲ್ಲ.

ಈಗ ದೊಡ್ಡಮ್ಮನ ಕಿವಿ ಹೋಗಿದೆ.
ಮೊದಲು ಎಡದ್ದು, ಈಸ್ಟರ್ ಕಳೆದ ಮೇಲೆ ಬಲದ್ದು.
ಟಿವಿ ಹೋದದ್ದಕ್ಕೆ ಅಳಲಿಲ್ಲ,
ಪಾದ್ರಿಯ ಮಾತು ಹೋದದ್ದಕ್ಕೆ ನಕ್ಕಳು.
ಪಾಳಿ ಮುಗಿಸಿ ನಾನು ಒಳಗೆ ಕಾಲಿಟ್ಟೊಡನೆ
ತೂಗುಹಾಸಿಗೆಯಿಂದ ಒಂದೇ ಪ್ರಶ್ನೆ, ಬೀದಿಗೆಲ್ಲ ಕೇಳುವಂತೆ:
“ತಾಯ್ನಾರಾ, ಕೂಗಿತಾ?”

ಮೊದಲ ವಾರ ಇಲ್ಲವೆಂದು ತಲೆಯಾಡಿಸಿದೆ.
ಗಿಡ ಸತ್ತಿರಬೇಕು, ಇಲ್ಲವೇ ನೀನೂ ಕಿವುಡಿ, ಅಂದಳು.
ಊಟ ಬಿಟ್ಟಳು.
ಎರಡನೆಯ ವಾರ ಹೌದೆಂದೆ.
ಯಾರಿಗೆಂದು ಕೇಳಿದಳು.
ಸುಳ್ಳಿಗೂ ಗೊಬ್ಬರ ಬೇಕು. ಹರಿದ ಟಿಕೆಟಿನ ಬೆನ್ನ ಮೇಲೆ
ಬರೆದು ತೋರಿಸತೊಡಗಿದೆ:
ಗ್ಯಾಸ್ ಸಿಲಿಂಡರಿನವನಿಗೆ.
ಜುರಾಂದಿರನ ಕುಡುಕ ಅಳಿಯನಿಗೆ.
ಗುರುತು ಸಿಗಲಿಲ್ಲ, ಟೋಪಿ ಹಾಕಿದ್ದ.

ಆಗಸ್ಟ್. ಮಧ್ಯಾಹ್ನದ ಮಳೆ ತೆಳುವಾಯಿತು.
ಎಲೆಗಳು ಒಂದೊಂದೇ ಕಾಗದವಾಗಿ ಮಣ್ಣಿಗೆ ಒರಗಿದವು.
ಅವಳು ಗೆಡ್ಡೆ ಕಿತ್ತು ಒರೆಸಿ,
ಕೊಳೆತ ಕಣ್ಣೊಂದನ್ನು ಚಾಕುತುದಿಯಿಂದ ತೆಗೆದು,
ಗಾಯಕ್ಕೆ ಒಲೆಬೂದಿ ಸವರಿ,
ಬಿಸ್ಕತ್ತಿನ ಡಬ್ಬಿಯ ಒಣಮರಳಿನಲ್ಲಿ ಮಲಗಿಸಿದಳು.
ಮುಚ್ಚಳ ಬಿಗಿಯಬೇಡ, ಅದಕ್ಕೂ ಉಸಿರಿದೆ.
ಡಿಸೆಂಬರಿನವರೆಗೆ ಕಾವಲು ಯಾರದೆಂದು
ನಾನೇನೂ ಕೇಳಿರಲಿಲ್ಲ.
ಬೂದಿಬೆರಳನ್ನು ನನ್ನ ಕೆಳದುಟಿಗೆ ಒತ್ತಿದಳು.

ಸೆಪ್ಟೆಂಬರಿನ ಒಂದು ರಾತ್ರಿ, ಕರೆಂಟಿಲ್ಲ,
ಗೇಟಿನ ಚಿಲಕ ಅಲುಗಿತು.
ಯಾರದು ಅನ್ನಬೇಕಿತ್ತು.
ಬಾಯಿಂದ ಹೊರಟದ್ದು ಮಾತಲ್ಲ, ಸಿಳ್ಳೆ,
ಹಕ್ಕಿಮರಿಯಂತೆ, ಒಂದೇ ಸಲ.
ನಾಯಿಯೋ ಮನುಷ್ಯನೋ, ಹೊರಟುಹೋಯಿತು.
ಒಳಗೆ ತೂಗುಹಾಸಿಗೆಯ ಹಗ್ಗ ಕಿರುಗುಟ್ಟಿ ನಿಂತಿತು.
ಬೆಳಿಗ್ಗೆ ಅವಳು ಕೇಳಲಿಲ್ಲ.
ಮರುದಿನವೂ.

ಇವತ್ತು ಶುಕ್ರವಾರ.
ಮಾಂಸ ತೊಳೆದ ನೀರಿನ ತಂಬಿಗೆ ಹಿಡಿದು
ಖಾಲಿ ಕುಂಡದೆದುರು ನಿಂತಿದ್ದೇನೆ.
ಅವಳು ಅಡುಗೆಮನೆಯ ಬಾಗಿಲಲ್ಲಿ,
ನಾನೇನು ಮಾಡುತ್ತೇನೋ ನೋಡುತ್ತ.