ಹನ್ನೊಂದು ದಿನದ ಮಳೆ

ಬೆಳಿಗ್ಗೆ ಎಂಟಕ್ಕೆ ತಾಮ್ರದ ಡಬ್ಬಿ ತೆರೆಯುವುದು,
ಒಳಗಿನ ನೀರನ್ನು ಗೆರೆ ಕೊರೆದ ಗಾಜಿಗೆ ಬಗ್ಗಿಸುವುದು,
ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸುವುದು.
ನಿಂತು ನೋಡಿದರೆ ಮಳೆ ಹೆಚ್ಚು ಕಾಣುತ್ತದೆ,
ಕುಕ್ಕರಗಾಲಲ್ಲಿ ಕೂತರಷ್ಟೇ ಸರಿ.
ಆಮೇಲೆ ಲೆಡ್ಜರು: ಇಂಚು, ಸೆಂಟ್ಸು, ನನ್ನ ಮೊಟಕು ಸಹಿ.
ಬಾಳುಪೇಟೆಯಾಚೆಯ ತೋಟದಲ್ಲಿ ಮೂವತ್ತೊಂದು ವರ್ಷ
ಪ್ರಾರ್ಥನೆಗಿಂತ ಮೊದಲು ಈ ಕೆಲಸ.

ಮೊನ್ನೆ ಕಾಫಿ ಮಿಲ್ಲಿನ ತಗಡಿನ ಶೆಡ್ಡಿನಲ್ಲಿ
ಯತೀಶ ನನ್ನ ಲೆಡ್ಜರುಗಳನ್ನೆಲ್ಲ ಒಂದು ಕೆಂಪು ಗೆರೆ ಮಾಡಿ ತಂದಿದ್ದ.
ಮೂಟೆಗಳ ಮೇಲೆ ಕೂತವರಿಗೆ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದ:
ಹೂಮಳೆ ಜನವರಿಗೇ ಬಂದು ಕದ ತಟ್ಟುತ್ತಿದೆ,
ಹದಿಮೂರು ದಿನ ಹಂಚಿ ಬೀಳಬೇಕಾದ ಆಶ್ಲೇಷ
ಮೂರೇ ದಿನದಲ್ಲಿ ಸುರಿದು ಕೈತೊಳೆದುಕೊಳ್ಳುತ್ತಿದೆ.

‘ಅಸಲೆ ಮಳೆ ಈಸಲಾರದ ಹೊಳೆ ಅಂತ
ನಮ್ಮಜ್ಜನ ಕಾಲದ್ದೇ ಗಾದೆ ಇದೆಯಲ್ಲಪ್ಪ,
ಆಗೇನು ಕಾರಿತ್ತಾ, ಕಾರ್ಖಾನೆ ಇತ್ತಾ?’
ಮೆಣಸಿನ ವ್ಯಾಪಾರದ ಸುಂದರೇಶ ನಕ್ಕ.
ನಾಲ್ಕು ಜನ ಅವನ ಜೊತೆ ನಕ್ಕರು.

ನಗದೆ ಕೂತವನು ಪುಟ್ಟಸ್ವಾಮಾಚಾರಿ.
ಅವನಿಗೆ ಈ ಬಿಸಿಯಾಗುವ ಭೂಮಿಯ ಮಾತು ಎಂದೂ ಗಂಟಲಲ್ಲಿಳಿದಿಲ್ಲ.
ಆದರೆ ತೊಲೆ ಕೊಯ್ಯುವ ಮುಂಚೆ ಮೂರು ಸಲ ಅಳೆಯುವ ಮನುಷ್ಯ.
‘ಗೆರೆ ಚೆನ್ನಾಗಿದೆ ಮಗಾ. ಅಳೆದೋರು ಯಾರು?
ತಪ್ಪದೆ ಅಳೆದಿದಾರಾ? ಒಂದು ದಿನಾನೂ?’

ಎಲ್ಲರ ಕತ್ತೂ ನನ್ನ ಕಡೆ.

ಹೌದು ಅನ್ನಬಹುದಿತ್ತು.
ಹೌದೆಂಬುದು ಎರಡೇ ಅಕ್ಷರ, ಯತೀಶನ ಮುಖ ಅದನ್ನೇ ಬೇಡುತ್ತಿತ್ತು.
ಮಿಲ್ಲಿನ ಬೆಲ್ಟು ನಿಂತಿತ್ತು, ಸಿಪ್ಪೆಯ ಧೂಳು ಇಳಿಯುತ್ತಿತ್ತು.
ನಾನು ತೊಂಬತ್ತೆರಡರ ಆಗಸ್ಟಿನಲ್ಲಿದ್ದೆ,
ಹಾಸನದ ದೊಡ್ಡಾಸ್ಪತ್ರೆಯ ವರಾಂಡದಲ್ಲಿ,
ಹಿರಿಯವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಿಡಿದು.
ಹನ್ನೊಂದು ದಿನ. ಮರಳಿದಾಗ ಡಬ್ಬಿ ತುಂಬಿ ಹರಿದಿತ್ತು,
ಲೆಡ್ಜರಿನಲ್ಲಿ ಹನ್ನೊಂದು ಖಾಲಿ ಮನೆ.
ಅಂದು ರಾತ್ರಿ ಚಿಮಣಿ ಬೆಳಕಲ್ಲಿ ಅವನ್ನು ತುಂಬಿದೆ:
ಒಂದು ಇಂಚು ಇಪ್ಪತ್ತು, ಎಂಬತ್ತೈದು ಸೆಂಟ್ಸು, ಎರಡು ಇಂಚು ಹತ್ತು.
ನಂಬುವ ಹಾಗಿರಲಿ ಎಂದು ಒಂದು ದಿನ ಸೊನ್ನೆ.

ಅಷ್ಟನ್ನೂ ಹೇಳಿದೆ. ಸೊನ್ನೆಯನ್ನೂ.

‘ನೋಡಿದ್ರಾ!’ ಸುಂದರೇಶ ತೊಡೆ ತಟ್ಟಿಕೊಂಡು ಎದ್ದ,
‘ಬುಡವೇ ಸುಳ್ಳು!’
ಯತೀಶ ನನ್ನನ್ನು ನೋಡಲಿಲ್ಲ.
ಅವನ ಕಿವಿ ಮಾತ್ರ ಹಣ್ಣು ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಆಚಾರಿ ಕಿವಿಯ ಸಂದಿನ ಪೆನ್ಸಿಲು ತೆಗೆದು
ಮೂಟೆಯ ಮೇಲೆ ಒಮ್ಮೆ ಕುಟ್ಟಿದ:
‘ಹುಳುಕು ಎಲ್ಲಿದೆ ಅಂತ ಅವರೇ ತೋರಿಸ್ಯಾರೆ.
ಅಷ್ಟು ಕೊಯ್ದು ಹಾಕು. ಉಳಿದದ್ದನ್ನ ಎಳಿ.’

ಹನ್ನೊಂದು ದಿನ ಹೋದವು. ಗೆರೆ ಕೂದಲೆಳೆಯಷ್ಟು ಅಲುಗಿತು.
ಹಲಗೆಯ ಅಂಚು ನೋಡುವ ಹಾಗೆ
ಒಂದು ಕಣ್ಣು ಮುಚ್ಚಿ ಆಚಾರಿ ಪರದೆಯತ್ತ ಬಗ್ಗಿದ.
ತುಂಬಾ ಹೊತ್ತು.
‘ಡೊಂಕು ಹಂಗೇ ಇದೆ,’ ಅಂದ.
ಸ್ವಲ್ಪ ತಡೆದು, ‘ನಾನಿನ್ನೂ ಒಪ್ಪಿಲ್ಲ.’

ಮಾರನೆಯ ಬೆಳಿಗ್ಗೆ ಏಳೂವರೆಗೇ ಗೇಟಿನ ಹತ್ತಿರ ಸೈಕಲ್ಲಿನ ಸದ್ದು.
ಚೀಲದಿಂದ ರಸಮಟ್ಟ ತೆಗೆದ,
ಡಬ್ಬಿ ಕೂರಿಸಿದ ಕಲ್ಲಿನ ಮೇಲಿಟ್ಟ.
ಗುಳ್ಳೆ ನಡುವೆ ನಿಲ್ಲದೆ ಪೂರ್ವಕ್ಕೆ ಸರಿಯಿತು.
‘ಯಾವತ್ತಿಂದ ವಾಲಿದೆ ಸೆಲಿನಮ್ಮೋರೆ?’
ಗೊತ್ತಿಲ್ಲ ಎಂದೆ.
ಇಬ್ಬರೂ ಮಣ್ಣಿನ ಕಡೆ ನೋಡುತ್ತ ನಿಂತೆವು.
ಗೆದ್ದಲೋ, ಸಿಲ್ವರ್ ಮರದ ಬೇರೋ, ಕಳೆದ ವರ್ಷದ ಕುಸಿತವೋ.

ಹೊನ್ನೆಯ ಚಕ್ಕೆಯೊಂದನ್ನು ಕೆತ್ತಿ ಅಡಿಗೆ ಸಿಕ್ಕಿಸಿದ.
ಗುಳ್ಳೆ ನಡುವಿಗೆ ಬಂದು ಕೂತಿತು.
ಕೂಲಿ ಕೇಳಲಿಲ್ಲ, ಕಾಫಿ ಕುಡಿದ,
ಇದರಿಂದ ತನ್ನ ಮಾತು ಬದಲಾಗಿಲ್ಲವೆಂದು ಇನ್ನೊಮ್ಮೆ ಹೇಳಿ ಹೋದ.

ಎಂಟಾಯಿತು. ಕುಕ್ಕರಗಾಲಲ್ಲಿ ಕೂತೆ.
ಲೆಡ್ಜರಿನಲ್ಲಿ ಬರೆದೆ:
ಡಬ್ಬಿ ಪೂರ್ವಕ್ಕೆ ವಾಲಿತ್ತು, ಎಂದಿನಿಂದಲೋ ತಿಳಿಯದು. ಇಂದು ಸರಿಪಡಿಸಿದೆ.
ಮಳೆ: ಸೊನ್ನೆ.
ಗಾಜನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ,
ಆಮೇಲೆ ಸಹಿ ಹಾಕಿದೆ.