ಗಂಟು

ರಾತ್ರಿ ಎರಡೂವರೆ. ಬರ್ನ್ ಮಲಗಿದೆ, ರೇಗುಲಾ ಮಲಗಿಲ್ಲ.
ನೆಲಮಾಳಿಗೆಯ ಸೂಕ್ಷ್ಮದರ್ಶಕದ ಕೆಳಗೆ
ಬೆಚ್ಚನೆಯ ತಟ್ಟೆಯಲ್ಲಿ ಒಂದು ಇಲಿ,
ಅರಿವಳಿಕೆಯ ನಿದ್ದೆ, ಮೊಣಕಾಲ ಹಿಂದೆ ಚರ್ಮ ಬಿಡಿಸಿದೆ.
ಅಲ್ಲೊಂದು ದುಗ್ಧಗ್ರಂಥಿ, ಸಾಸಿವೆಗಿಂತ ಚೂರು ದಪ್ಪ.

ದುಗ್ಧ ಅಂದರೆ ಹಾಲು. ಯಾರಿಟ್ಟರೋ ಹೆಸರು.
ಹಾಲಿಲ್ಲ ಇಲ್ಲಿ. ಇರುವುದು ಜನ.

ಪರದೆಯ ಮೇಲೆ ಹಸಿರು ಚುಕ್ಕೆಗಳು, ಟಿ ಕೋಶಗಳು.
ರಕ್ತನಾಳದ ಗೋಡೆಗುಂಟ ಉರುಳಿ, ಅಂಟಿ,
ಸಂದಿಯಲ್ಲಿ ಮೈ ಹಿಂಡಿಕೊಂಡು ಒಳಬಂದವು.
ನಿಮಿಷಕ್ಕೆ ಹನ್ನೆರಡು ಮೈಕ್ರಾನ್ ನಡಿಗೆ;
ಅಕ್ಕಿಕಾಳೊಂದರ ಉದ್ದ ದಾಟಲು ಎಂಟು ಗಂಟೆ,
ದಾರಿ ತಪ್ಪದಿದ್ದರೆ.
ದಾರಿ ತಪ್ಪುವುದೇ ಅವುಗಳ ಕೆಲಸ.

ಪಠ್ಯಪುಸ್ತಕ ಇವನ್ನು ಸೈನಿಕರೆನ್ನುತ್ತದೆ.
ಯಾವ ಸೈನಿಕ ಹೀಗೆ ನಡೆದಾನು?
ನಾಲ್ಕು ಹೆಜ್ಜೆ, ನಿಂತಿತು. ಎಡಕ್ಕೆ. ಏನೋ ನೆನಪಾಗಿ ಹಿಂದಕ್ಕೆ.
ಒಲೆಯ ಮೇಲೆ ಪಾತ್ರೆಯಿಟ್ಟು ಈ ಕೋಣೆಗೆ ಯಾಕೆ ಬಂದೆ ಅಂತ
ಬಾಗಿಲಲ್ಲಿ ನಿಲ್ಲುತ್ತೇವಲ್ಲ,
ಹಾಗೆ.

ನಡುವೆ ಕೆಂಪಗೆ, ಕೂತಲ್ಲೇ ಕೂತು ಕೈ ಬೀಸುವ ಡೆಂಡ್ರೈಟಿಕ್ ಕೋಶಗಳು.
ಪಾದದ ಸೋಂಕಿನಿಂದ ವೈರಾಣುವಿನ ಚಿಂದಿ ಹೊತ್ತು ತಂದಿವೆ,
ಬಂದವರಿಗೆಲ್ಲ ತೋರಿಸುತ್ತಿವೆ: ಇದು ನಿನ್ನದೇ? ಇದು ನಿನ್ನದೇ?
ಹಸಿರು ಮುಟ್ಟುತ್ತದೆ. ಮೂರು ನಿಮಿಷ. ನನ್ನದಲ್ಲ.
ಮುಂದೆ. ನನ್ನದಲ್ಲ.
ಲಕ್ಷಕ್ಕೊಂದಕ್ಕೆ ಹೊಂದೀತು ಆ ಚಿಂದಿ.
ಉಳಿದವು ಹುಡುಕುವಷ್ಟು ಹುಡುಕಿ, ಬೇಸರವಿಲ್ಲದೆ,
ಇನ್ನೊಂದು ಗ್ರಂಥಿಗೆ ಹೊರಡುತ್ತವೆ.
(ಬೇಸರವಿಲ್ಲದೆ ಎಂಬುದು ರೇಗುಲಾ ಸೇರಿಸಿದ್ದು.
ಬೇಸರಕ್ಕೆ ಹಚ್ಚುವ ಬಣ್ಣ ಅವಳ ಕಪಾಟಿನಲ್ಲಿಲ್ಲ.)

ಸೋಂಕಿನ ದಿನ ಆ ಹೊರಡುವುದೂ ಇಲ್ಲ.
ಗ್ರಂಥಿ ಹೊರಬಾಗಿಲಿಗೆ ಅಗುಳಿ ಹಾಕುತ್ತದೆ.
ಬರುವವರು ಬರಲಿ, ಇರುವವರು ಇರಲಿ.
ದವಡೆಯ ಕೆಳಗೆ ಬೆರಳಿಟ್ಟು ಗಂಟು ಕಟ್ಟಿದೆ ಅನ್ನುತ್ತೇವೆ;
ಬೆರಳಿಗೆ ಸಿಕ್ಕದ್ದು ಒಂದು ಜಂಗುಳಿ.

ನಾಲ್ಕು ಹತ್ತಕ್ಕೆ ಒಂದು ಹಸಿರು ನಿಂತಿತು.
ಬಾಲ ಎಳೆದುಕೊಂಡು ದುಂಡಗಾಯಿತು.
ಇಪ್ಪತ್ತು ನಿಮಿಷ. ನಲವತ್ತು.
ಕೆಂಪು ಅದನ್ನು ಬಿಡಲಿಲ್ಲ, ಅದು ಕೆಂಪನ್ನು ಬಿಡಲಿಲ್ಲ.
ನಾಳೆ ನಾಡಿದ್ದು ಒಂದು ಎರಡಾಗಿ, ಎರಡು ಸಾವಿರವಾಗಿ
ಕಾಲಿನ ಕಡೆ ಇಳಿಯಬೇಕಿತ್ತು.
ಈ ಇಲಿಗೆ ನಾಡಿದ್ದಿಲ್ಲ.
ಐದಕ್ಕೆ ಕೊನೆಯ ಸೂಜಿ. ಕ್ಷಮಿಸು, ಅಂದಳು ರೇಗುಲಾ,
ಸೀನಿದ ಮಗುವಿಗೆ ನೂರು ವರ್ಷ ಬಾಳು ಅಂದಷ್ಟು ಸಲೀಸಾಗಿ.

ಹೊರಗೆ ನವೆಂಬರಿನ ನಾಲ್ಕನೆಯ ಸೋಮವಾರ.
ಕತ್ತಲಲ್ಲೇ ಈರುಳ್ಳಿ ಸಂತೆ ನೆರೆದಿದೆ.
ಕಲ್ಲು ಕಮಾನುಗಳ ಓಣಿಯಲ್ಲಿ ಭುಜಕ್ಕೆ ಭುಜ,
ಬಣ್ಣದ ಕಾಗದದ ಚೂರು ಎರಚುವ ಹುಡುಗರು,
ಬಿಸಿ ವೈನಿನ ಹಬೆ, ಜಡೆ ಹೆಣೆದು ತೂಗುಬಿಟ್ಟ ಈರುಳ್ಳಿ.
ಎತ್ತ ಹೋಗಬೇಕೆಂದು ಅವಳು ಯೋಚಿಸಲಿಲ್ಲ.
ನಾಲ್ಕು ಹೆಜ್ಜೆ, ನಿಂತಳು. ಎಡಕ್ಕೆ.

ಮಳಿಗೆಗಳು ಕೈ ಚಾಚುತ್ತವೆ: ಬೇಕೆ? ಬೇಕೆ?
ಬೇಡ. ಮುಂದೆ. ಬೇಡ.

ಅಪ್ಪನ ಹೊಲ ಪಾಲಾದ ಮೇಲೆ ಹನ್ನೊಂದು ವರ್ಷ
ಅಣ್ಣ ಬೆನ್ಸ್ ಮಾತಾಡಿಲ್ಲ, ಅವಳೂ.
ಅವನ ಮಳಿಗೆ ಇದೇ ಬೀದಿಯಲ್ಲೋ ಮೇಲಿನದರಲ್ಲೋ, ಕೇಳಿದವಳಲ್ಲ.
ಒಂದು ಜಡೆಯ ತುದಿ ಕಂಡಿತು. ನೀಲಿ ದಾರ, ಎರಡು ಸುತ್ತು,
ಮೂರನೆಯದನ್ನು ಒಳಗಿನಿಂದ ಎಳೆದ ಗಂಟು.
ಅಮ್ಮ ಹಾಕುತ್ತಿದ್ದದ್ದು. ಇನ್ನಾರೂ ಹಾಕದ್ದು.

ಹನ್ನೆರಡು ಫ್ರಾಂಕ್, ಅಂದ ಅವನು, ತಲೆಯೆತ್ತದೆ, ಜಡೆ ಮುಂದೆ ಚಾಚಿ.
ಅವಳು ಗಂಟಿನ ಮೇಲೆ ಬೆರಳಿಟ್ಟಳು.

ತಲೆಯೆತ್ತಿದ.

ಸರಿಯಮ್ಮಾ, ಮುಂದೆ ಹೋಗು, ಎಂದು ಹಿಂದಿನವರು ತಳ್ಳುತ್ತಿದ್ದಾರೆ.
ಮೂರು ನಿಮಿಷವಾಗುತ್ತ ಬಂತು.